ಎಲ್, ಎಲೋಹಿಮ್, ಯೆಹೋವ: ದೇವರನ್ನು ಯಾವ ಹೆಸರಿನಿಂದ ಕರೆಯಬೇಕು?

ಯೂತ್ ಬೈಬಲ್ ಸ್ಟಡಿ ಸಂದೇಶದ ಬರಹ ರೂಪ
ಓದುವ ಭಾಗಗಳು: ವಿಮೋಚನಕಾಂಡ 3:10-15, ಆದಿಕಾಂಡ 14:18-22, ಅಪೊಸ್ತಲರ ಕೃತ್ಯಗಳು 19:13-17

ಎಲ್ಲರೂ ಬೈಬಲ್ ತೆಗೆದುಕೊಳ್ಳಿ, ಮೊಬೈಲ್‌ನಲ್ಲಿ ಇದ್ದರೂ ಪರವಾಗಿಲ್ಲ, ಆದರೆ ನೋಟಿಫಿಕೇಶನ್ ಆಫ್ ಮಾಡಿಬಿಡಿ. ಇವತ್ತು ಸ್ವಲ್ಪ ಪಾಠದ ಹಾಗೆ ಇರುತ್ತದೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ನಮ್ಮ ಪ್ರಶ್ನೆ ಪೆಟ್ಟಿಗೆಯಲ್ಲಿ ಬಂದ ಎರಡು ಚೀಟಿಗಳಿಗೆ ಇವತ್ತು ಉತ್ತರ ಹುಡುಕೋಣ. ಮೊದಲನೆಯದು: "ಯೆಹೋವ ಅನ್ನೋದು ತಪ್ಪು ಉಚ್ಚಾರಣೆ, ಸರಿಯಾದ ಹೀಬ್ರೂ ಹೆಸರಲ್ಲಿ ಕರೆಯದಿದ್ದರೆ ದೇವರು ಕೇಳಲ್ಲ ಅಂತ ಒಂದು ಮೆಸೇಜ್ ಬಂತು. ಹಾಗಾದರೆ ಇಷ್ಟು ವರ್ಷ ನಾನು ಮಾಡಿದ ಪ್ರಾರ್ಥನೆ ಯಾರಿಗೆ ಹೋಯ್ತು?" ಎರಡನೆಯದು: "ಎಲ್ ಅನ್ನೋದು ಕಾನಾನ್ಯರ ಒಂದು ದೇವತೆಯ ಹೆಸರು ಅಂತ ವಿಡಿಯೋದಲ್ಲಿ ನೋಡಿದೆ. ನಮ್ಮ ನಂಬಿಕೆ ಕಾಪಿ ಮಾಡಿದ್ದಾ?"

ಇವು ಸಣ್ಣ ಪ್ರಶ್ನೆಗಳಲ್ಲ. ಮೊದಲನೆಯ ಚೀಟಿ ಬರೆದವರು ಪ್ರಾರ್ಥನೆ ಮಾಡೋಕೇ ಭಯಪಡ್ತಿದ್ದಾರೆ. ಎರಡನೆಯವರು ಬೈಬಲ್ ತೆರೆಯೋಕೆ ಹಿಂಜರಿಯುತ್ತಿದ್ದಾರೆ. "ಇಂಥದ್ದೆಲ್ಲ ಕೇಳಬಾರದು, ಸುಮ್ಮನೆ ನಂಬಿ" ಅಂತ ನಾನು ಹೇಳೋದಿಲ್ಲ. ಸತ್ಯ ತಿಳಿದರೆ ನಂಬಿಕೆ ಅಲ್ಲಾಡುವುದಿಲ್ಲ, ಬೇರು ಬಿಡುತ್ತದೆ. ಆಮೆನ್?

1. ಎಲ್: ನೆರೆಯವರಿಗೂ ಗೊತ್ತಿದ್ದ ಪದ

"ಎಲ್" ಅನ್ನುವುದು ಹೀಬ್ರೂ ಭಾಷೆಯೊಂದರ ಸ್ವತ್ತಲ್ಲ. ನಮ್ಮ ಕನ್ನಡ, ತಮಿಳು, ತೆಲುಗು, ತುಳು ಒಂದೇ ಕುಟುಂಬದ ಭಾಷೆಗಳಾದ ಹಾಗೆ, ಹೀಬ್ರೂ, ಅರಾಮಿಕ್, ಅರಬ್ಬಿ, ಬಾಬಿಲೋನಿನ ಅಕ್ಕಾಡಿಯನ್ ಎಲ್ಲವೂ ಸೆಮಿಟಿಕ್ ಕುಟುಂಬದವು. ಅಕ್ಕಾಡಿಯನ್‌ನಲ್ಲಿ ದೇವರಿಗೆ "ಇಲು", ಅರಾಮಿಕ್‌ನಲ್ಲಿ "ಎಲಾಹ್", ಅರಬ್ಬಿಯಲ್ಲಿ "ಇಲಾಹ್". ಅರಬ್ಬಿ ಮಾತಾಡುವ ಕ್ರೈಸ್ತರು ಇವತ್ತಿಗೂ ತಮ್ಮ ಬೈಬಲ್‌ನಲ್ಲಿ ದೇವರಿಗೆ "ಅಲ್ಲಾಹ್" ಅಂತಲೇ ಓದುತ್ತಾರೆ. ಅವರ ಭಾಷೆಯಲ್ಲಿ ದೇವರಿಗೆ ಇರುವ ಪದವೇ ಅದು.

"ಎಲ್" ಪದದ ಮೂಲಕ್ಕೆ ಪಂಡಿತರು ಹೆಚ್ಚಾಗಿ ಹೇಳುವ ಅರ್ಥ "ಬಲ", "ಶಕ್ತಿ". ಆದಿಕಾಂಡ 31:29ರಲ್ಲಿ ಲಾಬಾನನು ಯಾಕೋಬನಿಗೆ "ನಿನಗೆ ಕೇಡು ಮಾಡುವ ಶಕ್ತಿ ನನ್ನ ಕೈಯಲ್ಲಿದೆ" ಎಂಬ ಅರ್ಥದ ಮಾತು ಹೇಳುತ್ತಾನೆ. ಅಲ್ಲಿ "ಶಕ್ತಿ" ಅನ್ನುವ ಜಾಗದಲ್ಲಿ ಹೀಬ್ರೂವಿನಲ್ಲಿ ಇರುವುದು "ಎಲ್".

ಈಗ ಆ ವಿಡಿಯೋ ವಿಷಯಕ್ಕೆ ಬರೋಣ. 1928ರಲ್ಲಿ ಸಿರಿಯಾದ ಸಮುದ್ರ ತೀರದ ಹತ್ತಿರ ಹೊಲ ಉಳುತ್ತಿದ್ದ ಒಬ್ಬ ರೈತನ ನೇಗಿಲಿಗೆ ಒಂದು ಹಳೆಯ ಸಮಾಧಿಯ ಕಲ್ಲು ತಗುಲಿತು. ಮರುವರ್ಷ ಕ್ಲಾಡ್ ಶೇಫರ್ ಎಂಬ ಫ್ರೆಂಚ್ ಪ್ರಾಕ್ತನ ತಜ್ಞರು ಅಲ್ಲೇ ಪಕ್ಕದ ರಾಸ್ ಶಮ್ರಾ ದಿಬ್ಬದಲ್ಲಿ ಅಗೆತ ಶುರು ಮಾಡಿದರು. ಉಗಾರಿತ್ ಎಂಬ ಪಟ್ಟಣವೇ ಸಿಕ್ಕಿತು. ಕ್ರಿ.ಪೂ. 12ನೇ ಶತಮಾನದ ಆರಂಭದಲ್ಲಿ ನಾಶವಾದ ಪಟ್ಟಣ ಅದು. ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ದೇವತೆಗಳ ಕಥೆಗಳಿವೆ. ಆ ದೇವತೆಗಳ ಸಭೆಯ ಹಿರಿಯನ ಹೆಸರು "ಎಲ್", ಯುವ ವೀರನ ಹೆಸರು "ಬಾಳ್".

ಅಂದರೆ ವಿಡಿಯೋದಲ್ಲಿ ಹೇಳಿದ ಒಂದು ಅಂಶ ನಿಜ. "ಎಲ್" ಅನ್ನುವ ಪದ ಕಾನಾನ್ಯರ ಬಾಯಲ್ಲೂ ಇತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ, ಯಾಕೆಂದರೆ ಬೈಬಲೇ ಮುಚ್ಚಿಟ್ಟಿಲ್ಲ.

ಆದಿಕಾಂಡ 14 ನೋಡಿ. ಸಾಲೇಮಿನ ಅರಸ ಮೆಲ್ಕೀಚೆದೆಕನು ಅಬ್ರಾಮನನ್ನು ಆಶೀರ್ವದಿಸುವಾಗ "ಎಲ್ ಎಲ್ಯೋನ್" ಅನ್ನುತ್ತಾನೆ, ಪರಾತ್ಪರನಾದ ದೇವರು ಅಂತ ಅರ್ಥ. ಅಬ್ರಾಮನು "ಅಯ್ಯೋ, ಅದು ನಿಮ್ಮ ಊರಿನ ಪದ" ಅಂತ ತಳ್ಳಿಹಾಕಿದನಾ? ಇಲ್ಲ. 22ನೇ ವಚನದಲ್ಲಿ ಅದೇ ಪದ ತೆಗೆದುಕೊಂಡು ಅದರ ಮುಂದೆ ಒಂದು ಹೆಸರು ಸೇರಿಸುತ್ತಾನೆ: "ಯೆಹೋವ ಎಲ್ ಎಲ್ಯೋನ್". ಪರಾತ್ಪರ ಯಾರು ಅಂತ ನಿಮಗೆ ಗೊತ್ತಾ? ಆತನು ಯೆಹೋವನೇ. ಪದ ಎರವಲು ಇರಬಹುದು, ಆದರೆ ಆ ಪದದಿಂದ ಅಬ್ರಾಮನು ಯಾರನ್ನು ಕರೆದನು ಅನ್ನುವುದರಲ್ಲಿ ಗೊಂದಲವೇ ಇಲ್ಲ.

ಸಂದರ್ಭ ಬಂತು ಅಂತ ಇದನ್ನೂ ಹೇಳಿಬಿಡ್ತೀನಿ. ನಾವು "ದೇವರು" ಅಂತೀವಲ್ಲ, "ದೇವ" ಅನ್ನುವುದು ಸಂಸ್ಕೃತದಿಂದ ಬಂದ ಪದ, ಹೊಳೆಯುವುದು, ಪ್ರಕಾಶ ಎಂಬ ಅರ್ಥದ ಮೂಲದಿಂದ. ಸತ್ಯವೇದ ಕನ್ನಡಕ್ಕೆ ಬರುವುದಕ್ಕಿಂತ ಎಷ್ಟೋ ಮೊದಲೇ ಈ ನಾಡಿನಲ್ಲಿ ಇದ್ದ ಪದ. "ಕರ್ತ" ಅಂದರೆ ಮಾಡುವವನು, ಅದೂ ಸಂಸ್ಕೃತವೇ. ಗ್ರೀಕಿನ "ಥೆಯೋಸ್" ಎಂಬ ಪದವನ್ನು ಗ್ರೀಕರು ತಮ್ಮ ಜ್ಯೂಸ್ ದೇವತೆಗೆ ಬಳಸುತ್ತಿದ್ದರು. ಪೌಲನೂ ಯೋಹಾನನೂ ಅದೇ ಪದದಲ್ಲಿ ಸುವಾರ್ತೆ ಬರೆದರು. ಅನುವಾದಕರು ಕನ್ನಡದಲ್ಲಿ ಮಾಡಿದ್ದೂ ಅಬ್ರಾಮನು ಮಾಡಿದ್ದೇ.

2. ಎಲೋಹಿಮ್: ಬಹುವಚನದ ಪದ, ಏಕವಚನದ ಕ್ರಿಯೆ

ಬೈಬಲ್‌ನ ಮೊದಲನೆಯ ವಚನದಲ್ಲಿ ಬರುವ ಪದ "ಎಲೋಹಿಮ್". ಹಳೆ ಒಡಂಬಡಿಕೆಯಲ್ಲಿ ಸುಮಾರು 2,600 ಸಲ ಬರುತ್ತದೆ. ಕೊನೆಯ "ಇಮ್" ಹೀಬ್ರೂವಿನಲ್ಲಿ ಬಹುವಚನದ ಗುರುತು. ಕೆರೂಬ್, ಕೆರೂಬಿಮ್ ಅನ್ನುವ ಹಾಗೆ. ಆದರೆ ಆ ವಚನದ ಕ್ರಿಯಾಪದ "ಬಾರಾ" ಏಕವಚನ. ಪದ ಬಹುವಚನ, ಕೆಲಸ ಮಾಡಿದವನು ಒಬ್ಬನೇ.

ಇಂಗ್ಲಿಷ್ ಓದುವವರಿಗೆ ಇದು ವಿಚಿತ್ರ, ಕನ್ನಡದವರಿಗೆ ಅಲ್ಲ. "ದೇವರು" ಪದದ ಕೊನೆ ನೋಡಿ: "ರು". ಗುರುಗಳು, ತಂದೆಯವರು, ಯಜಮಾನರು ಅನ್ನುವ ಹಾಗೆ ಗೌರವದ ಬಹುವಚನ. ಈಗ ನಿಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಆದಿಕಾಂಡ 1:1 ತೆಗೆದು ಕ್ರಿಯಾಪದ ನೋಡಿ: "ಉಂಟುಮಾಡಿದನು". ಕರ್ತೃಪದ "ರು", ಕ್ರಿಯಾಪದ "ನು". ಹೀಬ್ರೂವಿನಲ್ಲಿ ಇರುವಂಥದ್ದೇ ಜೋಡಣೆ ನಮ್ಮ ಭಾಷೆಯಲ್ಲೂ ಕೂತಿದೆ! ಎಷ್ಟೋ ವರ್ಷದಿಂದ ಓದುತ್ತಿದ್ದೀವಿ, ಗಮನಿಸಿರಲಿಕ್ಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ. "ಎಲೋಹಿಮ್ ಬಹುವಚನ, ಆದ್ದರಿಂದ ತ್ರಿಯೇಕತ್ವ ಸಾಬೀತಾಯ್ತು" ಅಂತ ಆಫೀಸಿನಲ್ಲೋ ಕಾಲೇಜಿನಲ್ಲೋ ವಾದ ಮಾಡಬೇಡಿ. ನ್ಯಾಯಸ್ಥಾಪಕರು 16:23ರಲ್ಲಿ ಫಿಲಿಷ್ಟಿಯರು ತಮ್ಮ ದಾಗೋನನಿಗೂ ಇದೇ ಬಹುವಚನದ ಪದ ಬಳಸುತ್ತಾರೆ. ವಿಮೋಚನಕಾಂಡ 7:1ರಲ್ಲಿ ದೇವರು ಮೋಶೆಯನ್ನು ಫರೋಹನಿಗೆ "ಎಲೋಹಿಮ್" ಸ್ಥಾನದಲ್ಲಿ ಇಡುತ್ತಾನೆ. ದಾಗೋನನೂ ಮೋಶೆಯೂ ಮೂವರಲ್ಲ, ಅಲ್ವಾ? ತಂದೆ, ಮಗ, ಪವಿತ್ರಾತ್ಮ ಅನ್ನುವ ಸತ್ಯಕ್ಕೆ ಹೊಸ ಒಡಂಬಡಿಕೆಯಲ್ಲಿ ಗಟ್ಟಿ ಅಸ್ತಿವಾರ ಇದೆ. ವ್ಯಾಕರಣದ ಒಂದು ಪ್ರತ್ಯಯದ ಮೇಲೆ ಅದನ್ನು ನಿಲ್ಲಿಸುವ ಅಗತ್ಯ ಇಲ್ಲ.

ಹಾಗೆಯೇ, ಕಿವಿಗೆ ಒಂದೇ ಥರ ಕೇಳಿಸುವ ಪದಗಳೆಲ್ಲ ಸಂಬಂಧಿಗಳಲ್ಲ. ಹೀಬ್ರೂ "ಎಲ್" ಮತ್ತು ಕನ್ನಡದ "ಎಲ್ಲ" ಒಂದೇ ಅಂತ ಯಾರಾದರೂ ಹೇಳಿದರೆ ಹಲ್ಲೆಲೂಯ ಅಂತ ಫಾರ್ವರ್ಡ್ ಮಾಡಬೇಡಿ. ಲ್ಯಾಟಿನ್‌ನ "ದೇಉಸ್" ನಮ್ಮ "ದೇವ" ಪದದ ನಿಜವಾದ ಸಂಬಂಧಿ. ಆದರೆ ಅದರಂತೆಯೇ ಕೇಳಿಸುವ ಗ್ರೀಕ್ "ಥೆಯೋಸ್" ಅದೇ ಮೂಲದ್ದಲ್ಲ. ಶಬ್ದ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗ್ತೀವಿ.

3. ಕಷ್ಟದಲ್ಲಿ ಸಿಕ್ಕ ಹೆಸರುಗಳು

ಆದಿಕಾಂಡದಲ್ಲಿ "ಎಲ್" ಒಂಟಿಯಾಗಿ ನಿಲ್ಲುವುದು ಕಡಿಮೆ. ಅದರ ಜೊತೆ ಒಂದು ಅನುಭವ ಸೇರಿಕೊಳ್ಳುತ್ತದೆ.

ಆದಿಕಾಂಡ 16. ಹಾಗರಳು ಐಗುಪ್ತದವಳು, ದಾಸಿ, ಗರ್ಭಿಣಿ, ಮನೆ ಬಿಟ್ಟು ಓಡಿಬಂದಿದ್ದಾಳೆ. ಅರಣ್ಯದಲ್ಲಿ ನೀರಿನ ಬುಗ್ಗೆಯ ಹತ್ತಿರ ದೇವದೂತನು ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅವಳು ದೇವರಿಗೆ ಇಟ್ಟ ಹೆಸರು "ಎಲ್ ರೋಯಿ", ನನ್ನನ್ನು ನೋಡುವ ದೇವರು. ಬೈಬಲ್‌ನಲ್ಲಿ ದೇವರಿಗೆ ಹೆಸರಿಟ್ಟ ಮೊದಲ ವ್ಯಕ್ತಿ ಯಾರು ಗೊತ್ತಾ? ಅಬ್ರಹಾಮ ಅಲ್ಲ, ಮೋಶೆ ಅಲ್ಲ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಬ್ಬ ಪರದೇಶಿ ದಾಸಿ. ಪಿಜಿಯಲ್ಲಿ ಒಬ್ಬರೇ ಇದ್ದು, ನನ್ನ ಕಷ್ಟ ಯಾರಿಗೂ ಕಾಣಿಸುತ್ತಿಲ್ಲ ಅಂದುಕೊಳ್ಳುವವರೇ, ಈ ಹೆಸರು ನಿಮಗಾಗಿ ಇದೆ.

ಆದಿಕಾಂಡ 17. ಅಬ್ರಾಮನಿಗೆ 99 ವರ್ಷ. ದೇವರು ತನ್ನನ್ನು "ಎಲ್ ಶದ್ದೈ" ಅಂತ ಪರಿಚಯಿಸಿಕೊಳ್ಳುತ್ತಾನೆ. ನಮ್ಮ ಬೈಬಲ್‌ನಲ್ಲಿ ಅದು "ಸರ್ವಶಕ್ತನಾದ ದೇವರು". ಲ್ಯಾಟಿನ್ ಬೈಬಲ್‌ನಲ್ಲೂ "ಸರ್ವಶಕ್ತ" ಅನ್ನುವ ಅರ್ಥದ ಪದವೇ ಇದೆ. ಪದದ ಮೂಲದ ಬಗ್ಗೆ ಬೇರೆ ಬೇರೆ ವಿವರಣೆಗಳಿವೆ. ಅಕ್ಕಾಡಿಯನ್‌ನಲ್ಲಿ "ಶದೂ" ಅಂದರೆ ಬೆಟ್ಟ, ಆಗ ಬೆಟ್ಟದಂಥ ದೇವರು. ಹೀಬ್ರೂವಿನಲ್ಲಿ "ಶದ್" ಅಂದರೆ ತಾಯಿಯ ಎದೆ, ಆಗ ಉಣಿಸಿ ಸಾಕುವ ದೇವರು. ಆದಿಕಾಂಡ 49:25ರಲ್ಲಿ ಯಾಕೋಬನು ಯೋಸೇಫನನ್ನು ಆಶೀರ್ವದಿಸುವಾಗ "ಶದ್ದೈ" ಮತ್ತು ಸ್ತನ್ಯದ ಆಶೀರ್ವಾದ ಒಂದೇ ವಚನದಲ್ಲಿ ಬರುತ್ತವೆ. ಈ ಹೆಸರು ಬೈಬಲ್‌ನಲ್ಲಿ 48 ಸಲ ಬಂದಿದೆ, ಅದರಲ್ಲಿ 31 ಸಲ ಯೋಬನ ಗ್ರಂಥದಲ್ಲೇ. ಎಲ್ಲವನ್ನೂ ಕಳೆದುಕೊಂಡ ಮನುಷ್ಯನ ಪುಸ್ತಕದಲ್ಲಿ "ಸರ್ವಶಕ್ತ" ಅನ್ನುವ ಹೆಸರು ಅತಿ ಹೆಚ್ಚು ಸಲ ಇದೆ. ಬೂದಿಯಲ್ಲಿ ಕೂತವರು ಕರೆದ ಹೆಸರು ಅದು.

4. ಯೆಹೋವ: ನಾನಿದ್ದೀನಿ

ಇನ್ನು ಮೊದಲನೆಯ ಚೀಟಿ. ಹೀಬ್ರೂವಿನಲ್ಲಿ ನಾಲ್ಕು ಅಕ್ಷರ: ಯೋದ್, ಹೇ, ವಾವ್, ಹೇ. ಹಳೆ ಒಡಂಬಡಿಕೆಯಲ್ಲಿ ಸುಮಾರು 6,800 ಸಲ. ಬೈಬಲ್ ಆಚೆಗೂ ಇದು ಸಿಕ್ಕಿದೆ. 1868ರಲ್ಲಿ ಈಗಿನ ಜೋರ್ಡಾನ್ ದೇಶದಲ್ಲಿ ಸಿಕ್ಕ ಮೋವಾಬಿನ ಅರಸ ಮೇಷನ ಶಿಲಾಶಾಸನ ಕ್ರಿ.ಪೂ. 9ನೇ ಶತಮಾನದ್ದು. ಇಸ್ರಾಯೇಲಿನ ಶತ್ರುವೇ ಕಲ್ಲಿನಲ್ಲಿ ಕೆತ್ತಿಸಿದ ಸಾಲುಗಳಲ್ಲಿ ಈ ಹೆಸರು ಇದೆ. 1979ರಲ್ಲಿ ಯೆರೂಸಲೇಮಿನ ಕೇತೆಫ್ ಹಿನ್ನೋಮ್‌ನ ಸಮಾಧಿಯಲ್ಲಿ ಎರಡು ಚಿಕ್ಕ ಬೆಳ್ಳಿ ಸುರುಳಿಗಳು ಸಿಕ್ಕಿದವು. ಅರಣ್ಯಕಾಂಡ 6ರಲ್ಲಿ ಯಾಜಕರು ಹೇಳುವ ಆಶೀರ್ವಾದದ ಮಾತುಗಳು, ಈ ಹೆಸರಿನ ಸಮೇತ, ಅದರಲ್ಲಿ ಗೀಚಿದ್ದಾರೆ.

ಅರ್ಥ ಏನು? ವಿಮೋಚನಕಾಂಡ 3ಕ್ಕೆ ಬನ್ನಿ. 11ನೇ ವಚನದಲ್ಲಿ ಮೋಶೆ ಕೇಳುತ್ತಾನೆ, ಫರೋಹನ ಮುಂದೆ ಹೋಗೋಕೆ ನಾನು ಎಷ್ಟರವನು ಅಂತ. 12ನೇ ವಚನದಲ್ಲಿ ದೇವರು ಅವನಿಗೆ ಕೊಡುವ ಉತ್ತರ ಒಂದು ಕ್ರಿಯಾಪದದಿಂದ ಶುರುವಾಗುತ್ತದೆ: "ಎಹ್ಯೆ". ಅಂದರೆ "ಇರುತ್ತೇನೆ", ನಿನ್ನ ಜೊತೆ ಇರುತ್ತೇನೆ. ಆಮೇಲೆ 14ನೇ ವಚನದಲ್ಲಿ ಹೆಸರು ಕೇಳಿದಾಗ ಬರುವ ಉತ್ತರ "ಎಹ್ಯೆ ಅಶೆರ್ ಎಹ್ಯೆ". ಅದೇ ಪದ! 15ರಲ್ಲಿ ನಾಲ್ಕು ಅಕ್ಷರದ ಹೆಸರು ಬರುತ್ತದೆ, ಅದೂ "ಇರು" ಎಂಬ ಅರ್ಥದ ಧಾತುವಿಗೇ ಸೇರುತ್ತದೆ.

ತುಂಬ ಜನ 14ನೇ ವಚನವನ್ನು ಮಾತ್ರ ಓದಿ, ದೇವರು ಸ್ವಯಂಭೂ, ಆದಿ ಅಂತ್ಯ ಇಲ್ಲದವನು ಅಂತ ವಿವರಿಸುತ್ತಾರೆ. ಅದು ಸತ್ಯವೇ. ಆದರೆ 12ನೇ ವಚನ ಬಿಡಬೇಡಿ. ಆತನು ಎಲ್ಲೋ ದೂರದಲ್ಲಿ ಸುಮ್ಮನೆ "ಇರುವವನು" ಅಲ್ಲ, ಜೊತೆಯಲ್ಲಿ ಇರುವವನು. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತವರಿಗೆ ನಮ್ಮ ಜನ ಏನಂತಾರೆ? ದೊಡ್ಡ ಭಾಷಣ ಮಾಡಲ್ಲ. "ನಾನಿದ್ದೀನಿ, ಹೆದರಬೇಡ" ಅಂತಾರೆ. ಉರಿಯುವ ಪೊದೆಯಿಂದ ಮೋಶೆಗೆ ಬಂದದ್ದು ಆ ಮಾತು. ನಾನಿದ್ದೀನಿ. ಹಲ್ಲೆಲೂಯ!

ಆ ಪದವೂ ಇದೇ ಹೆಸರಿನದು. "ಹಲ್ಲೆಲೂ" ಅಂದರೆ "ನೀವೆಲ್ಲರೂ ಸ್ತುತಿಸಿರಿ", "ಯಾಹ್" ಅಂದರೆ ಆ ಹೆಸರಿನ ಚಿಕ್ಕ ರೂಪ. ನೀವು ಹಲ್ಲೆಲೂಯ ಅಂದಾಗ ಪಕ್ಕದಲ್ಲಿ ಕೂತವರಿಗೆ ಆಜ್ಞೆ ಕೊಡ್ತಿದ್ದೀರಿ. ಎಲೀಯ ಅಂದರೆ "ನನ್ನ ದೇವರು ಯಾಹ್". ಅಬ್ರಾಮನ ಮಾತಿನ ಹಾಗೆ ಇಲ್ಲೂ ಎರಡೂ ಪದ ಒಂದೇ ಹೆಸರಿನಲ್ಲಿ ಸೇರಿವೆ.

5. ಉಚ್ಚಾರಣೆ ಕಳೆದುಹೋದದ್ದು ಹೇಗೆ?

ಹಳೆಯ ಹೀಬ್ರೂ ಬರವಣಿಗೆಯಲ್ಲಿ ಹೆಚ್ಚಾಗಿ ವ್ಯಂಜನ ಮಾತ್ರ ಬರೆಯುತ್ತಿದ್ದರು. ಕಾಗುಣಿತ ಇಲ್ಲದ ಕನ್ನಡ ಊಹಿಸಿಕೊಳ್ಳಿ. ಕ-ಲ-ಸ ಅಂತ ಮೂರು ವ್ಯಂಜನ ಬರೆದರೆ ಅದು "ಕೆಲಸ"ನಾ, "ಕಲಸು"ನಾ, "ಕಲಿಸು"ನಾ? ಭಾಷೆ ಗೊತ್ತಿದ್ದವನು ಸಂದರ್ಭ ನೋಡಿ ಓದಿಕೊಳ್ಳುತ್ತಾನೆ.

ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಎಂಬ ಭಯಭಕ್ತಿಯಿಂದ ಯೆಹೂದ್ಯರು ಕ್ರಮೇಣ ಆ ಹೆಸರನ್ನು ಬಾಯಲ್ಲಿ ಹೇಳುವುದನ್ನೇ ಬಿಟ್ಟರು. 1947ರಿಂದ ಕುಮ್ರಾನ್ ಗವಿಗಳಲ್ಲಿ ಸಿಕ್ಕ ಕೆಲವು ಸುರುಳಿಗಳಲ್ಲಿ ಈ ನಾಲ್ಕು ಅಕ್ಷರಗಳನ್ನು ಮಾತ್ರ ಬೇರೆಯದೇ, ಹಳೆಯ ಲಿಪಿಯಲ್ಲಿ ಬರೆದಿದ್ದಾರೆ. ಅಷ್ಟು ಗೌರವ. ಓದುವಾಗ ಅದರ ಬದಲು "ಅದೋನಾಯ್", ನನ್ನ ಒಡೆಯನು, ಅಂತ ಓದುತ್ತಿದ್ದರು. ಕ್ರಿಸ್ತನ ನಂತರ ಕೆಲವು ಶತಮಾನ ಕಳೆದ ಮೇಲೆ ಮಸೋರೆಟರು ಎಂಬ ಪಂಡಿತರು ಬೈಬಲ್‌ಗೆ ಸ್ವರ ಚಿಹ್ನೆ ಹಾಕಿದರು. ಈ ಹೆಸರಿನ ಕೆಳಗೆ, ಓದುಗರಿಗೆ ನೆನಪಿರಲಿ ಅಂತ, "ಅದೋನಾಯ್" ಪದದ ಸ್ವರಗಳನ್ನು ಇಟ್ಟರು. ಆ ವ್ಯಂಜನ ಮತ್ತು ಈ ಸ್ವರ ಕೂಡಿಸಿ ಓದಿದಾಗ ಬಂದ ರೂಪವೇ "ಯೆಹೋವ". 1530ರಲ್ಲಿ ವಿಲಿಯಂ ಟಿಂಡೇಲ್ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಈ ರೂಪ ಬಳಸಿದರು. ಮೂಲ ಉಚ್ಚಾರಣೆ "ಯಾಹ್ವೆ" ಇರಬೇಕು ಎಂಬುದು ಇವತ್ತಿನ ಬಹುತೇಕ ಪಂಡಿತರ ಅಭಿಪ್ರಾಯ.

ಹಾಗಾದರೆ ಯೆಹೋವ ಅಂತ ಕರೆದವರ ಪ್ರಾರ್ಥನೆ ಎಲ್ಲಿಗೆ ಹೋಯ್ತು? ಅಪೊಸ್ತಲರನ್ನೇ ಕೇಳೋಣ. ಅವರು ಗ್ರೀಕಿನಲ್ಲಿ ಬರೆದರು. ನಮಗೆ ಸಿಕ್ಕಿರುವ ಹೊಸ ಒಡಂಬಡಿಕೆಯ ಯಾವ ಗ್ರೀಕ್ ಹಸ್ತಪ್ರತಿಯಲ್ಲೂ ಆ ನಾಲ್ಕು ಹೀಬ್ರೂ ಅಕ್ಷರ ಇಲ್ಲ. ಇರುವುದು "ಕೂರಿಯೋಸ್", ಕರ್ತನು. ಯೋವೇಲ 2:32ರಲ್ಲಿ ಯೆಹೋವನ ನಾಮವನ್ನು ಹೇಳಿಕೊಳ್ಳುವವರಿಗೆ ಇರುವ ರಕ್ಷಣೆಯ ವಾಗ್ದಾನವನ್ನು ರೋಮಾಪುರದವರಿಗೆ 10:13ರಲ್ಲಿ ಪೌಲನು "ಕೂರಿಯೋಸ್" ಎಂಬ ಪದದಲ್ಲೇ ಬರೆದು, ಅದನ್ನು ಯೇಸುವಿಗೆ ಅನ್ವಯಿಸುತ್ತಾನೆ. ಉಚ್ಚಾರಣೆ ಮೇಲೆ ರಕ್ಷಣೆ ನಿಂತಿದ್ದರೆ ಪೌಲನು ಅಲ್ಲೇ ಒಂದು ಸಾಲು ಬರೆದು ಎಚ್ಚರಿಸುತ್ತಿರಲಿಲ್ಲವೇ?

6. ಸರಿಯಾದ ಹೆಸರು ಹೇಳಿ ಏಟು ತಿಂದವರು

ಇನ್ನೂ ಸಂಶಯ ಇದ್ದರೆ ಅಪೊಸ್ತಲರ ಕೃತ್ಯಗಳು 19 ಓದಿ. ಎಫೆಸದಲ್ಲಿ ಸ್ಕೇವನ ಏಳು ಮಂದಿ ಮಕ್ಕಳು ದೆವ್ವ ಬಿಡಿಸಲು ಯೇಸುವಿನ ಹೆಸರನ್ನು ಬಳಸಿದರು. ಹೆಸರು ಸರಿ ಇತ್ತು, ಉಚ್ಚಾರಣೆಯಲ್ಲೂ ತೊಂದರೆ ಇರಲಿಲ್ಲ. ಆದರೂ ಬಟ್ಟೆ ಹರಿದು, ಗಾಯವಾಗಿ, ಮನೆ ಬಿಟ್ಟು ಓಡಿದರು. ಯಾಕೆ? ಅವರಿಗೆ ಹೆಸರು ಗೊತ್ತಿತ್ತು, ಆತನು ಗೊತ್ತಿರಲಿಲ್ಲ. ಪೌಲನು ಸಾರುವ ಯೇಸು ಅಂದರು, ನನ್ನ ಯೇಸು ಅನ್ನಲಿಲ್ಲ. ಪ್ರಿಯರೇ, ದೇವರ ನಾಮ ಪಾಸ್‌ವರ್ಡ್ ಅಲ್ಲ, ಒಂದಕ್ಷರ ತಪ್ಪಿದರೆ ಲಾಗಿನ್ ಆಗದೇ ಇರೋದಕ್ಕೆ.

ಹೋಶೇಯ 2:16 ಇದನ್ನೇ ಇನ್ನೊಂದು ಕಡೆಯಿಂದ ಕಲಿಸುತ್ತದೆ. "ಬಾಳ್" ಅಂದರೆ ಒಡೆಯ, ಗಂಡ ಎಂಬ ಸಾಮಾನ್ಯ ಪದ. ದಾವೀದನ ಸೈನಿಕನೊಬ್ಬನ ಹೆಸರಿನಲ್ಲಿ "ಬಾಳ್" ಮತ್ತು "ಯಾಹ್" ಎರಡೂ ಇದ್ದವು (1 ಪೂರ್ವಕಾಲವೃತ್ತಾಂತ 12:5). ಆದರೆ ಜನ ಆ ಪದದ ಹಿಂದೆ ವಿಗ್ರಹಕ್ಕೆ ಹೋದಾಗ ದೇವರು ಹೋಶೇಯನ ಮೂಲಕ, ಇನ್ನು ಮೇಲೆ ನನ್ನನ್ನು "ಬಾಳೀ" ಅನ್ನಬೇಡಿ, "ಈಶೀ" ಅನ್ನಿ ಎಂಬ ಅರ್ಥದಲ್ಲಿ ಹೇಳಿಸಿದನು. ಎರಡಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ, ನನ್ನ ಗಂಡ. "ಎಲ್" ಉಳಿಯಿತು, "ಬಾಳ್" ಹೋಯಿತು. ಎರಡೂ ಉಗಾರಿತ್‌ನಲ್ಲಿ ಇದ್ದ ಪದಗಳೇ. ಹಾಗಾಗಿ ಪದ ಎಲ್ಲಿಂದ ಬಂತು ಅನ್ನುವುದರಿಂದ ತೀರ್ಮಾನ ಆಗಲಿಲ್ಲ; ಅದು ಹೃದಯವನ್ನು ಯಾರ ಕಡೆಗೆ ಕರೆದುಕೊಂಡು ಹೋಗುತ್ತಿತ್ತು ಅನ್ನುವುದರಿಂದ ಆಯಿತು.

ಕೊನೆಯದಾಗಿ ಶಿಲುಬೆಯ ಹತ್ತಿರ ಬನ್ನಿ. ಮತ್ತಾಯ 27:46ರಲ್ಲಿ ಯೇಸು ಕೂಗಿದ್ದು "ಏಲೀ". ಮಾರ್ಕನ ಸುವಾರ್ತೆಯಲ್ಲಿ ಅದು ಅರಾಮಿಕ್ ರೂಪದಲ್ಲಿ "ಎಲೋಯಿ". ನಾವು ಮೊದಲು ನೋಡಿದ ಆ ಚಿಕ್ಕ ಪದ "ಎಲ್", ಅದಕ್ಕೆ ಸೇರಿದ "ಈ" ಅಂದರೆ "ನನ್ನ". ಇಬ್ಬರು ಸುವಾರ್ತಿಕರು ಎರಡು ಉಚ್ಚಾರಣೆ ಬರೆದಿದ್ದಾರೆ, ಪವಿತ್ರಾತ್ಮನು ಎರಡನ್ನೂ ಉಳಿಸಿದ್ದಾನೆ. ನೆರೆಯವರೆಲ್ಲರ ಬಾಯಲ್ಲಿದ್ದ ಸಾಮಾನ್ಯ ಪದಕ್ಕೆ "ನನ್ನ" ಸೇರಿಸಿ ದೇವರ ಮಗನು ಕತ್ತಲಲ್ಲಿ ಕರೆದನು. ಆತನ ಸ್ವಂತ ಹೆಸರು, ಹೀಬ್ರೂವಿನಲ್ಲಿ ಯೇಶುವ, ಹೇಳುವುದೂ ಅದೇ: ಯೆಹೋವನು ರಕ್ಷಿಸುತ್ತಾನೆ.

ಈ ವಾರ ಮಾಡಬೇಕಾದದ್ದು:

ಒಂದು, ಭಯ ಹುಟ್ಟಿಸುವ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ವಚನ ತೆಗೆದು, ಹಿಂದಿನ ಮುಂದಿನ ವಚನಗಳ ಜೊತೆ ಓದಿ.

ಎರಡು, ಆದಿಕಾಂಡ 16, 17 ಮತ್ತು 21:33 ಓದಿ. ದೇವರ ಒಂದೊಂದು ಹೆಸರು ಯಾರ ಯಾವ ಪರಿಸ್ಥಿತಿಯಲ್ಲಿ ಬಂತು ಅಂತ ಬರೆಯಿರಿ.

ಮೂರು, ನಿಮ್ಮ ಮಾತೃಭಾಷೆಯಲ್ಲಿ, ಕನ್ನಡವೋ ತುಳುವೋ ತಮಿಳೋ, ದಿನಕ್ಕೆ ಹತ್ತು ನಿಮಿಷ "ನನ್ನ ದೇವರೇ" ಅಂತ ಶುರು ಮಾಡಿ ಪ್ರಾರ್ಥಿಸಿ. "ನನ್ನ" ಅನ್ನುವುದನ್ನು ಬಿಡಬೇಡಿ.

ಪ್ರಾರ್ಥಿಸೋಣ. ತಂದೆಯೇ, ನಮ್ಮ ತೊದಲು ಮಾತು ನಿನಗೆ ಅರ್ಥವಾಗುತ್ತದೆ, ಸ್ತೋತ್ರ. ಹೆಸರು ತಪ್ಪಾಯಿತೋ ಅಂತ ಹೆದರಿರುವ ನಿನ್ನ ಮಕ್ಕಳ ಮನಸ್ಸಿನಿಂದ ಆ ಭಯ ತೆಗೆದುಹಾಕು. ಸಂಶಯದಲ್ಲಿ ಇರುವವರಿಗೆ ನಿನ್ನ ವಾಕ್ಯದ ಹಸಿವು ಕೊಡು. ಹಾಗರಳನ್ನು ನೋಡಿದ ದೇವರೇ, ಮೋಶೆಯ ಜೊತೆ ಇದ್ದ ದೇವರೇ, ಈ ವಾರ ನಮ್ಮ ಕೆಲಸದಲ್ಲಿ, ಪರೀಕ್ಷೆಯಲ್ಲಿ, ಮನೆಯಲ್ಲಿ ನಮ್ಮ ಜೊತೆ ಇರು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.